ಕಿರ್ದಿಯಲ್ಲಿ ಬರೆಯದ ನಷ್ಟ



ಅಕ್ಕಲಕೋಟ ಸೀಮೆಯಲ್ಲಿ ತೊಗರಿಯ ವ್ಯಾಪಾರ ನಮ್ಮ ಮನೆತನಕ್ಕೆ ಮೂರು ತಲೆಮಾರಿನದು. ನಾವು ಮೆಟ್ರಿಕ್ ಮುಗಿಸಿ ಗಾದಿಯ ಮೇಲೆ ಕುಳಿತ ದಿನ ತೀರ್ಥರೂಪರು ಕಲಿಸಿದ ಮೊದಲ ಪಾಠವೆಂದರೆ, ಕಿರ್ದಿ ಹೊಂದದೆ ಅಂಗಡಿಯ ಬಾಗಿಲು ಹಾಕಬಾರದು ಎಂಬುದು. ಆ ಪಾಠವನ್ನು ನಾವು ಇಂದಿಗೂ ತಪ್ಪಿಲ್ಲ. ಆದರೆ ಒಂದು ಲೆಕ್ಕವನ್ನು ಮಾತ್ರ ಬಹಳ ವರ್ಷ ಬರೆಯದೆ ಬಿಟ್ಟಿದ್ದೆವು. ನಮ್ಮಂತೆ ಗಿರಣಿ, ಗೋದಾಮು, ಅಡತಿ ಅಂಗಡಿ ನಡೆಸುವ ಕುಟುಂಬಗಳಿಗೆ ಉಪಯೋಗವಾದೀತೆಂದು ಅದನ್ನು ಇಲ್ಲಿ ಹೇಳುತ್ತೇವೆ.

2017ರ ಜನವರಿ. ಆ ವರ್ಷ ತೊಗರಿಯ ಬೆಳೆ ವಿಪರೀತ ಬಂದಿತ್ತು. ನಮ್ಮ ಬೇಳೆ ಗಿರಣಿ ಹಗಲು ರಾತ್ರಿ ನಡೆಯುತ್ತಿತ್ತು. ಎಲಿವೇಟರಿನ ಪಟ್ಟಾ ಸಡಿಲಾಗಿ ಮೇಲಿಂದ ಮೇಲೆ ಜಾರುತ್ತಿತ್ತು. ಪ್ರತಿ ಸಲ ಅದರ ಮೇಲಿನ ಕಬ್ಬಿಣದ ಜಾಳಿ ಬಿಚ್ಚಿ ಮತ್ತೆ ಕೂಡಿಸಲು ಕಾಲು ಗಂಟೆ ಬೇಕು. "ಸುಗ್ಗಿ ಮುಗಿಯೋತನಕ ಜಾಳಿ ತೆಗೆದಿಡಿ" ಎಂದು ಹೇಳಿದವರು ನಾವೇ. ಎಂಟು ದಿನದೊಳಗೆ ಒಬ್ಬ ಹುಡುಗ ನಡೆಯುವ ಯಂತ್ರದ ಮೇಲೆಯೇ ಪಟ್ಟಾ ಏರಿಸಲು ಹೋಗಿ ಬಲಗೈಯ ಎರಡು ಬೆರಳು ಕಳೆದುಕೊಂಡ.

ಆಸ್ಪತ್ರೆಯ ಖರ್ಚೆಲ್ಲ ಕೊಟ್ಟೆವು, ಗುಣವಾಗುವ ತನಕ ಪಗಾರ ಕೊಟ್ಟೆವು. ಊರಿನಲ್ಲಿ ಒಳ್ಳೆಯ ಮಾತೇ ಕೇಳಿಬಂತು. ಆ ಹುಡುಗನೂ "ನನ್ನ ಹಣೇಬರಾ ಸಾವ್ಕಾರ್ರ, ನೀವೇನ್ ಮಾಡ್ತೀರಿ" ಎಂದ. ಆ ಮಾತು ಕೇಳಿ ನಮಗೆ ಸಮಾಧಾನವಾಯಿತು ಎಂಬುದನ್ನು ಇಂದು ಬರೆಯಲು ನಾಚಿಕೆಯಾಗುತ್ತದೆ.

ಪುಣೆಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿ ಬಂದಿದ್ದ ನಮ್ಮ ಸೊಸೆ ಒಂದು ರಾತ್ರಿ ಕೇಳಿದಳು: "ಮಾವಾರ, ಹತ್ತು ರೂಪಾಯಿ ಹೊಂದಲಿಲ್ಲಂದ್ರ ನಡುರಾತ್ರಿ ತನಕ ಕೂತು ಹುಡುಕತೀರಿ. ಮನುಷ್ಯಾನ ಎರಡು ಬೆರಳು ಹೋದ್ವು, ಅದು ಎಲ್ಲಿ ತಪ್ಪಿತು ಅಂತ ಯಾಕ ಹುಡುಕಲಿಲ್ಲ?" ನಮ್ಮಲ್ಲಿ ಉತ್ತರವಿರಲಿಲ್ಲ. ಮರುದಿನ ಕೂತು ವಿಚಾರಿಸಿದಾಗ ತಿಳಿದದ್ದು ಇಷ್ಟು: ಅದೇ ಪಟ್ಟಾ ಹಿಂದಿನ ತಿಂಗಳು ಒಬ್ಬನ ಹೆಗಲ ವಸ್ತ್ರವನ್ನು ಎಳೆದುಕೊಂಡಿತ್ತು. ಎಲ್ಲರೂ ನಕ್ಕು ಸುಮ್ಮನಾಗಿದ್ದರು. ನಾವೂ ನಕ್ಕಿದ್ದೆವು.

ವ್ಯವಸ್ಥೆ ಎಂದರೇನು?

ಕೆಲಸದ ಸ್ಥಳದ ಆರೋಗ್ಯ ಮತ್ತು ಸುರಕ್ಷತೆಗೆ ಒಂದು ಕ್ರಮಬದ್ಧ ವ್ಯವಸ್ಥೆಯಿದೆ. ಅದಕ್ಕೆ 2018ರ ಮಾರ್ಚ್‌ನಲ್ಲಿ ಐಎಸ್‌ಒ 45001 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂತು. ದೊಡ್ಡ ಕಾರ್ಖಾನೆಗಳು ಪ್ರಮಾಣಪತ್ರ ಪಡೆದು ಗೋಡೆಗೆ ತೂಗುಹಾಕುತ್ತವೆ. ನಮ್ಮಂಥ ಚಿಕ್ಕ ಗಿರಣಿಗೆ ಪ್ರಮಾಣಪತ್ರ ಬೇಕೆಂದೇನಿಲ್ಲ. ಅದರ ತಿರುಳು ನಾಲ್ಕೇ ಮಾತು: ಮೊದಲು ಯೋಚಿಸು, ಯೋಚಿಸಿದಂತೆ ಮಾಡು, ಮಾಡಿದ್ದನ್ನು ಪರೀಕ್ಷಿಸು, ತಪ್ಪಿದ್ದನ್ನು ತಿದ್ದು. ಲೆಕ್ಕ ಬರೆಯುವವರಿಗೆ ಇದು ಹೊಸದಲ್ಲ.

ಅಪಾಯವನ್ನು ತಡೆಯುವುದಕ್ಕೂ ಒಂದು ಅನುಕ್ರಮವಿದೆ. ಸಾಧ್ಯವಾದರೆ ಅಪಾಯವನ್ನೇ ತೆಗೆದುಹಾಕಬೇಕು. ಆಗದಿದ್ದರೆ ಕಡಿಮೆ ಅಪಾಯದ್ದನ್ನು ತರಬೇಕು. ಅದೂ ಆಗದಿದ್ದರೆ ಯಂತ್ರಕ್ಕೂ ಮನುಷ್ಯನಿಗೂ ನಡುವೆ ತಡೆ ಹಾಕಬೇಕು. ಆಮೇಲೆ ನಿಯಮ, ತರಬೇತಿ. ಕೈಗವಸು, ಮುಖವಸ್ತ್ರಗಳು ಎಲ್ಲಕ್ಕೂ ಕೊನೆಗೆ. ನಾವು ಇದನ್ನು ತಲೆಕೆಳಗು ಮಾಡಿ, ಕೈಗವಸು ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದೆವು.

ನಾವು ಮಾಡಿದ್ದು

ಮೊದಲು ಕೆಲಸದವರನ್ನೇ ಮುಂದಿಟ್ಟುಕೊಂಡು ಗಿರಣಿಯನ್ನೆಲ್ಲ ಒಂದು ಸುತ್ತು ಹಾಕಿದೆವು. ಗಾದಿಯ ಮೇಲೆ ಕುಳಿತು ಮೂವತ್ತು ವರ್ಷ ಕಾಣದ್ದು ಒಂದು ಮುಂಜಾನೆಯಲ್ಲಿ ಕಂಡಿತು.

ಪಟ್ಟಾಗಳ ಜಾಳಿಗೆ ಬಿಜಾಗರಿ ಹಾಕಿಸಿದೆವು, ಈಗ ತೆಗೆದು ಮುಚ್ಚಲು ಅರ್ಧ ನಿಮಿಷ ಸಾಕು. ಯಂತ್ರಕ್ಕೆ ಕೈ ಹಾಕುವವನು ಮೊದಲು ಮೇನ್ ಸ್ವಿಚ್ಚಿಗೆ ಬೀಗ ಹಾಕಬೇಕು, ಕೀಲಿ ಅವನ ಜೇಬಿನಲ್ಲೇ ಇರಬೇಕು. ಅವನು ಹೊರಬರುವ ತನಕ ಮಾಲೀಕನೂ ಯಂತ್ರ ಚಾಲೂ ಮಾಡುವಂತಿಲ್ಲ. 100 ಕಿಲೋ ಚೀಲ ಬಿಟ್ಟು 50 ಕಿಲೋ ಚೀಲ ತಂದೆವು. ಥಪ್ಪಿಯ ಎತ್ತರಕ್ಕೆ ಗೋಡೆಯ ಮೇಲೆ ಕೆಂಪು ಗೆರೆ ಎಳೆದೆವು, ಅದನ್ನು ಮೀರಿ ಚೀಲ ಒಟ್ಟುವುದಿಲ್ಲ. ಹೊಟ್ಟಿನ ನುಣ್ಣನೆಯ ಧೂಳು ಕಣ್ಣಿಗೆ, ಎದೆಗೆ ಕೆಟ್ಟದ್ದು. ಅಷ್ಟೇ ಅಲ್ಲ, ಗಾಳಿಯಲ್ಲಿ ದಟ್ಟವಾಗಿ ತುಂಬಿದಾಗ ಒಂದು ಕಿಡಿ ತಗಲಿದರೆ ಸ್ಫೋಟವಾಗಬಲ್ಲದು. ಆದ್ದರಿಂದ ಧೂಳು ಎಳೆಯುವ ಫ್ಯಾನು ಹಾಕಿಸಿ, ಹಳೆಯ ವೈರಿಂಗ್ ಬದಲಿಸಿ, ಗಿರಣಿಯೊಳಗೆ ಬೀಡಿ ನಿಲ್ಲಿಸಿದೆವು. ತೊಗರಿ ತುಂಬಿದ ಕಣಜದೊಳಗೆ ಒಬ್ಬನೇ ಇಳಿಯುವುದೂ ನಿಂತಿತು. ಜಾರುವ ಕಾಳು ಮನುಷ್ಯನನ್ನು ಕ್ಷಣದಲ್ಲಿ ಒಳಗೆಳೆಯುತ್ತದೆ.

ತಾಯಂದಿರಿಗೂ ಒಂದು ಮಾತು. ಗೋದಾಮಿನಲ್ಲಿ ಹುಳಕ್ಕೆಂದು ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಗಾಳಿಯ ತೇವಕ್ಕೇ ಫಾಸ್ಫೀನ್ ಎಂಬ ವಿಷವಾಯು ಬಿಡುತ್ತದೆ. ಮಲಗುವ ಕೋಣೆಗೆ ಹೊಂದಿದ ಗೋದಾಮಿನಲ್ಲಿ, ಬಾಡಿಗೆಗೆ ಕೊಟ್ಟದ್ದಾದರೂ ಸರಿ, ಅದನ್ನು ಇಡಲು ಬಿಡಬೇಡಿ.

ಇಷ್ಟೆಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಒಂದು ಇನ್ನೂರು ಪುಟದ ನೋಟ್‌ಬುಕ್. ಗಾಯವಾಗದೆ ತಪ್ಪಿಹೋದ ಪ್ರತಿಯೊಂದು ಘಟನೆಯನ್ನೂ ಅದರಲ್ಲಿ ಬರೆಯಬೇಕು. ಬರೆಯಲು ಬಾರದವರು ಹೇಳಿದರೆ ಗುಮಾಸ್ತ ಬರೆಯಬೇಕು. ಅಮೆರಿಕದ ಎಚ್. ಡಬ್ಲ್ಯು. ಹೈನ್‌ರಿಕ್ ಎಂಬವರು 1931ರ ತಮ್ಮ ಗ್ರಂಥದಲ್ಲಿ, ಒಂದು ದೊಡ್ಡ ಗಾಯಕ್ಕೆ 29 ಸಣ್ಣ ಗಾಯಗಳೂ, ಗಾಯವಿಲ್ಲದೆ ಹೋದ 300 ಘಟನೆಗಳೂ ಇರುತ್ತವೆಂದು ಹೇಳಿದರು. ಈ ಅಂಕಿಗಳನ್ನು ಮುಂದೆ ಅನೇಕರು ಪ್ರಶ್ನಿಸಿದ್ದಾರೆ. ಆದರೆ ಹೆಗಲ ವಸ್ತ್ರ ಎಳೆದ ಪಟ್ಟಾ ಮುಂದೆ ಬೆರಳನ್ನೂ ಎಳೆದೀತು ಎಂಬ ಮಾತಿಗೆ ನಮ್ಮ ಗಿರಣಿಯೇ ಸಾಕ್ಷಿ.

ಮೊದಲ ಮೂರು ತಿಂಗಳು ಆ ನೋಟ್‌ಬುಕ್ ಖಾಲಿಯೇ ಉಳಿಯಿತು. ಬರೆದರೆ ಬೈಗುಳ ಬಂದೀತೆಂದು ಎಲ್ಲರಿಗೂ ಹೆದರಿಕೆ. ಒಂದು ದಿನ ಗೋಟಾದ ಬಳಿ ಕೆಲಸ ಮಾಡುವ ಹೆಣ್ಣುಮಗಳು ವೈರು ಬಿಸಿಯಾದ ವಾಸನೆ ಬರುತ್ತಿದೆ ಎಂದಳು. ಲಾರಿ ಬಾಗಿಲಲ್ಲಿ ನಿಂತಿತ್ತು. ನಮಗೆ ಸಿಟ್ಟು ಬಂದರೂ ನುಂಗಿಕೊಂಡು ಯಂತ್ರ ನಿಲ್ಲಿಸಿದೆವು, ಅರ್ಧ ದಿನದ ಕೆಲಸ ಹೋಯಿತು. ಆ ದಿನದಿಂದ ಪುಟಗಳು ತುಂಬತೊಡಗಿದವು. ಈಗ ತಿಂಗಳಿಗೊಮ್ಮೆ, ಅಮಾವಾಸ್ಯೆಯ ಹಿಂದಿನ ದಿನ, ಎಲ್ಲರೂ ಕೂತು ಅದನ್ನು ಓದುತ್ತೇವೆ. ಯಾರ ತಪ್ಪು ಎಂದು ಕೇಳುವುದಿಲ್ಲ. ಏನು ತಿದ್ದಬೇಕು, ಯಾರು, ಯಾವ ದಿನದೊಳಗೆ ಎಂದು ಬರೆದುಕೊಳ್ಳುತ್ತೇವೆ.

ಕಾನೂನು ಮತ್ತು ನಾವು

1948ರ ಕಾರ್ಖಾನೆ ಕಾಯ್ದೆಯ ಬದಲು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ವಿದ್ಯುತ್ ಬಳಸುವಲ್ಲಿ ಮೊದಲು 10 ಕಾರ್ಮಿಕರಿದ್ದರೆ ಕಾರ್ಖಾನೆ ಎನ್ನುತ್ತಿದ್ದರು, ಸಂಹಿತೆಯಲ್ಲಿ ಆ ಸಂಖ್ಯೆ 20. ನಮ್ಮಲ್ಲಿರುವವರು 14 ಮಂದಿ. ಹಾಗೆಂದು ಪಟ್ಟಾ ತಲೆ ಎಣಿಸಿ ಕೈ ಎಳೆಯುವುದಿಲ್ಲ.

2025ರ ಮೇ 18ರಂದು ಸೋಲಾಪುರದ ಅಕ್ಕಲಕೋಟ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಟವೆಲ್ ಕಾರ್ಖಾನೆಯೊಂದಕ್ಕೆ ನಸುಕಿನಲ್ಲಿ ಬೆಂಕಿ ಬಿದ್ದು 8 ಮಂದಿ ತೀರಿಕೊಂಡರು. ಅವರಲ್ಲಿ ಕಾರ್ಮಿಕರಿದ್ದರು, ಮಾಲೀಕರೂ ಅವರ ಮನೆಯವರೂ ಇದ್ದರು. ನಮ್ಮಲ್ಲಿಯೂ ಎಷ್ಟೋ ಕುಟುಂಬಗಳು ಕೆಳಗೆ ಗೋದಾಮು, ಮೇಲೆ ಮನೆ ಎಂದು ವಾಸಿಸುತ್ತವೆ. ಇಳಿಯಲು ಎರಡನೆಯ ದಾರಿ ಇದೆಯೇ? ಕಿಟಕಿಯ ಸರಳು ಒಳಗಿನಿಂದ ತೆರೆಯುತ್ತದೆಯೇ? ಇಂದೇ ನೋಡಿರಿ.

ವಸ್ತುವನ್ನು ಎತ್ತುವಾಗ, ಇಡುವಾಗ ಜಾಗರೂಕತೆ ಇರಬೇಕೆಂದು ನಮ್ಮ ಹಿರಿಯರು ಒಂದು ಸಮಿತಿಯನ್ನೇ ಹೇಳಿದ್ದಾರೆ. ನೀರು ಸೋಸಿ ಕುಡಿಯುವ ನಾವು ಗಿರಣಿಯ ಬಾಗಿಲಲ್ಲಿ ಅದನ್ನು ಮರೆಯಬಾರದು. ನಮ್ಮ ಪ್ರಮಾದವನ್ನು ಇನ್ನೊಬ್ಬರ ಕರ್ಮದ ಖಾತೆಗೆ ಬರೆಯುವುದು ಸುಳ್ಳು ಲೆಕ್ಕ.

ನಮ್ಮಲ್ಲಿ ಈಗ ಏನೂ ಆಗುವುದಿಲ್ಲವೆಂದು ಹೇಳಲಾರೆವು. ಹೋದ ಸುಗ್ಗಿಯಲ್ಲಿ ಒಬ್ಬ ಹಮಾಲನ ಕಾಲು ಉಳುಕಿತು. ಅದನ್ನು ಬರೆದಿದ್ದೇವೆ, ಜಾರುವ ಮೆಟ್ಟಿಲನ್ನು ಒಡೆಸಿ ಹೊಸದು ಕಟ್ಟಿಸಿದ್ದೇವೆ. ಬೆರಳು ಕಳೆದುಕೊಂಡ ಹುಡುಗ ಇಂದು ನಮ್ಮ ಗಿರಣಿಯ ಮೇಸ್ತ್ರಿ. ಮೇನ್ ಸ್ವಿಚ್ಚಿನ ಬೀಗಗಳೂ ಆ ನೋಟ್‌ಬುಕ್ಕೂ ಅವನ ಸುಪರ್ದಿಯಲ್ಲಿವೆ. ಕಳೆದ ಕ್ಷಮಾವಾಣಿಯ ದಿನ ಎಲ್ಲರಿಗಿಂತ ಮೊದಲು ಅವನ ಮುಂದೆ ನಿಂತು ಕೈ ಮುಗಿದೆವು. ಎಂಟು ವರ್ಷ ತಡವಾಗಿತ್ತು. ನೀವು ತಡಮಾಡಬೇಡಿರಿ.

ಜೈ ಜಿನೇಂದ್ರ.