ಅಟ್ಲಾಂಟಿಕ್ ತೀರದ ಮಹಾಕಾಯರು

ಮೂವತ್ತೈದು ಅಡಿ ಉದ್ದ, ಹದಿನಾರು ಅಡಿ ಎತ್ತರ, 90 ಟನ್ ತೂಕ! ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಶೆಡಿಯಾಕ್ ಪಟ್ಟಣಕ್ಕೆ ಕಾಲಿಡುವವರನ್ನು ಎದುರುಗೊಳ್ಳುವುದು ಕಾಂಕ್ರೀಟು ಮತ್ತು ಉಕ್ಕಿನಿಂದ ಮೈದಳೆದ ಈ ದೈತ್ಯ ಲಾಬ್‌ಸ್ಟರ್. ಅದರ ಪಕ್ಕದಲ್ಲಿ ನಿಂತ ಮೀನುಗಾರನ ಪ್ರತಿಮೆ ಗೊಂಬೆಯಷ್ಟೇ ಕಾಣುತ್ತದೆ. ಬೇಸಿಗೆ ಬಂತೆಂದರೆ ಮಕ್ಕಳು ಅದರ ಕೊಂಡಿಗಳನ್ನೇರುತ್ತಾರೆ, ಹಿರಿಯರು ಕ್ಯಾಮೆರಾ ಹಿಡಿದು ಸರದಿಗಾಗಿ ಕಾಯುತ್ತಾರೆ.

ಇಂತಹ ಮಹಾಕಾಯರು ಅಟ್ಲಾಂಟಿಕ್ ಪ್ರಾಂತ್ಯಗಳ ಹೆದ್ದಾರಿಗಳುದ್ದಕ್ಕೂ ಹರಡಿಕೊಂಡಿದ್ದಾರೆ. ದೇಶದ ಉದ್ದಗಲವನ್ನು ಬೆಸೆಯುವ ಟ್ರಾನ್ಸ್-ಕೆನಡಾ ಹೆದ್ದಾರಿ 1962ರಲ್ಲಿ ಉದ್ಘಾಟನೆಯಾಯಿತು. ಕಾರಿನಲ್ಲಿ ಸಂಸಾರಸಮೇತ ಸಾಗುವ ಪ್ರವಾಸಿಗರನ್ನು ತಡೆದು ನಿಲ್ಲಿಸುವ ಆಕರ್ಷಣೆ ಸಣ್ಣ ಊರುಗಳಿಗೆ ಬೇಕಾಯಿತು. ಶಿಲ್ಪಿ ವಿನ್‌ಸ್ಟನ್ ಬ್ರೋನಮ್ 1969ರಲ್ಲಿ ನ್ಯೂ ಬ್ರನ್ಸ್‌ವಿಕ್‌ನ ಮೇಜರ್‌ವಿಲ್‌ನ ತರಕಾರಿ ಮಳಿಗೆಯೊಂದರ ಎದುರು ಬೃಹತ್ ಆಲೂಗಡ್ಡೆ ಮಾನವನನ್ನು ನಿಲ್ಲಿಸಿದರು. ಸಸೆಕ್ಸ್ ಸಮೀಪ ಕಾಂಕ್ರೀಟ್ ಪ್ರಾಣಿಗಳ ಉದ್ಯಾನವನ್ನೇ ನಿರ್ಮಿಸಿದರು. ಶೆಡಿಯಾಕ್‌ನ ರೋಟರಿ ಕ್ಲಬ್‌ಗಾಗಿ ಅವರು ರೂಪಿಸಿದ ಲಾಬ್‌ಸ್ಟರ್ 1990ರಲ್ಲಿ ಸಿದ್ಧವಾಯಿತು.

ಈ ನಾಡಿನ ಜನಪದ ಕಲೆಗೆ ಅಕಾಡೆಮಿಗಳ ಆಸರೆ ಎಂದೂ ಬೇಕಾಗಿರಲಿಲ್ಲ. ಬಡತನದಲ್ಲೇ ಬದುಕಿದ ನೋವಾ ಸ್ಕೋಷಿಯಾದ ಮೌಡ್ ಲೂಯಿಸ್ ತಮ್ಮ ಪುಟ್ಟ ಮನೆಯ ಗೋಡೆ, ಬಾಗಿಲು, ಒಲೆಗಳ ಮೇಲೂ ಹೂವು ಹಕ್ಕಿಗಳನ್ನು ಚಿತ್ರಿಸಿದರು. ಆ ಮನೆ ಇಂದು ಹ್ಯಾಲಿಫ್ಯಾಕ್ಸ್‌ನ ಕಲಾ ಸಂಗ್ರಹಾಲಯದ ಅಮೂಲ್ಯ ಆಸ್ತಿ. ಕೈಗೆಟುಕಿದ್ದನ್ನೇ ಕಲೆಯಾಗಿಸುವ ಆ ಪ್ರವೃತ್ತಿಯೇ ರಸ್ತೆಬದಿಯಲ್ಲಿ ಭವ್ಯಾಕಾರ ತಾಳಿದೆ.

ಆಯಾ ಊರಿನ ಜೀವನಾಧಾರ ಅಥವಾ ಪರಂಪರೆಯೇ ಇಲ್ಲಿ ಪೀಠವೇರಿದೆ ಎಂಬುದು ಗಮನಾರ್ಹ. ಅರಣ್ಯೋದ್ಯಮವನ್ನೇ ನಂಬಿದ ನ್ಯೂ ಬ್ರನ್ಸ್‌ವಿಕ್‌ನ ನ್ಯಾಕವಿಕ್‌ನಲ್ಲಿ 1991ರಲ್ಲಿ ಸುಮಾರು 50 ಅಡಿ ಎತ್ತರದ ಕೊಡಲಿ ತಲೆಯೆತ್ತಿತು. ಸ್ಕಾಟ್ ವಲಸಿಗರ ಸಂಗೀತ ಪರಂಪರೆಯನ್ನು ಉಳಿಸಿಕೊಂಡ ಕೇಪ್ ಬ್ರೆಟನ್ ದ್ವೀಪದ ಸಿಡ್ನಿ ಬಂದರಿನಲ್ಲಿ 2005ರಿಂದ ಸುಮಾರು 60 ಅಡಿಯ ಉಕ್ಕಿನ ಪಿಟೀಲು ಹಡಗುಗಳನ್ನು ಸ್ವಾಗತಿಸುತ್ತಿದೆ. ಟ್ರೂರೊ ಬಳಿಯ ಮಿಲ್‌ಬ್ರೂಕ್‌ನಲ್ಲಿ ಮಿಕ್‌ಮಾಕ್ ಮೂಲನಿವಾಸಿಗಳ ಪುರಾಣಪುರುಷ ಗ್ಲೂಸ್ಕ್ಯಾಪ್ 40 ಅಡಿ ಎತ್ತರದಲ್ಲಿ ನಿಂತಿದ್ದಾನೆ. ವಲಸಿಗರ ಹಡಗುಗಳು ತೀರ ಮುಟ್ಟುವುದಕ್ಕೂ ಬಹು ಮೊದಲೇ ಈ ನೆಲಕ್ಕೆ ಕಥೆಗಳಿದ್ದವು ಎಂಬುದಕ್ಕೆ ಅವನೇ ಸಾಕ್ಷಿ.

ಎಲ್ಲ ಪ್ರತಿಮೆಗಳಿಗೂ ಸಮಾನ ಭಾಗ್ಯ ಒದಗಲಿಲ್ಲ. ಉಪ್ಪುಗಾಳಿ, ಹಿಮ ಮತ್ತು ಕರಗುನೀರು ಕಾಂಕ್ರೀಟನ್ನು ಬಿರಿಯಿಸುತ್ತವೆ, ಬಣ್ಣವನ್ನು ಸುಲಿಯುತ್ತವೆ. ಬ್ರೋನಮ್ ಅವರ ಪ್ರಾಣಿ ಉದ್ಯಾನ ಮುಚ್ಚಿಹೋಗಿ ಎಷ್ಟೋ ಕಾಲವಾಯಿತು. ಶೆಡಿಯಾಕ್‌ನ ಲಾಬ್‌ಸ್ಟರ್ ಮಾತ್ರ ಊರವರ ಆರೈಕೆಯಲ್ಲಿ ಇಂದಿಗೂ ಕಳೆಗುಂದಿಲ್ಲ; ಪ್ರತಿವರ್ಷ ಲಕ್ಷಾಂತರ ಜನರನ್ನು ಸೆಳೆಯುತ್ತದೆ.

ಪೂರ್ವ ಕೆನಡಾದ ಪ್ರವಾಸ ಕೈಗೊಳ್ಳುವ ಕುಟುಂಬಗಳಿಗೆ ಜುಲೈ ಪ್ರಶಸ್ತ ಕಾಲ. 1949ರಲ್ಲಿ ಆರಂಭವಾದ ಶೆಡಿಯಾಕ್‌ನ ಲಾಬ್‌ಸ್ಟರ್ ಉತ್ಸವ ನಡೆಯುವುದು ಆಗಲೇ. ಅಲ್ಲಿನ ಪಾರ್ಲೀ ಕಡಲತೀರದ ನೀರು ಈಜಿಗೆ ಹಿತವಾಗಿರುವುದೂ ಬೇಸಿಗೆಯಲ್ಲೇ. ಮಾಂಕ್ಟನ್ ವಿಮಾನ ನಿಲ್ದಾಣದಿಂದ ಶೆಡಿಯಾಕ್‌ಗೆ ಅರ್ಧ ಗಂಟೆಯೊಳಗಿನ ಹಾದಿ. ಶೆಡಿಯಾಕ್‌ನಿಂದ ಪಯಣ ಆರಂಭಿಸಿ, ಮಿಲ್‌ಬ್ರೂಕ್ ಮಾರ್ಗವಾಗಿ ಸಿಡ್ನಿಯ ಪಿಟೀಲಿನವರೆಗೆ ಸಾಗುವುದೇ ಉತ್ತಮ ಕ್ರಮ.