ರಜೆಯಲ್ಲೂ ದಣಿವೇಕೆ?



ದಸರಾ ರಜೆ ಎಂದರೆ ಯಾರಿಗೆ ಬೇಡ? ಮಹಾಲಯ ಅಮಾವಾಸ್ಯೆ ಕಳೆಯಿತೆಂದರೆ ಅಟ್ಟದ ಮೇಲಿನ ಗೊಂಬೆಗಳು ಕೆಳಗಿಳಿಯುತ್ತವೆ. ಆಯುಧಪೂಜೆಯಂದು ಮನೆಯ ಸೈಕಲ್ಲಿಗೂ ಕುಂಕುಮ, ಹೂವು. ವಿಜಯದಶಮಿ ಮುಗಿದು ಇಪ್ಪತ್ತು ದಿನ ಕಳೆಯುವುದರೊಳಗೆ ನೀರು ತುಂಬುವ ಹಬ್ಬ, ಅದರ ಬೆನ್ನಿಗೇ ದೀಪಾವಳಿ. ಆದರೆ ರಜೆ ಮುಗಿದ ಮೊದಲ ವಾರ ನಿಮ್ಮ ತರಗತಿಯನ್ನೊಮ್ಮೆ ಗಮನಿಸಿ ನೋಡಿ. ಒಬ್ಬರಿಗೆ ತಲೆನೋವು, ಇನ್ನೊಬ್ಬರಿಗೆ ಹೊಟ್ಟೆ ಸರಿಯಿಲ್ಲ, ಮತ್ತೊಬ್ಬರಿಗೆ ಎರಡನೆಯ ಪೀರಿಯಡ್ಡಿನಲ್ಲೇ ಆಕಳಿಕೆ. ವಿಶ್ರಾಂತಿಗೆಂದು ಕೊಟ್ಟ ರಜೆ ದಣಿವನ್ನು ತಂದದ್ದು ಹೇಗೆ? ಈ ಪ್ರಶ್ನೆಗೆ ಶರೀರವಿಜ್ಞಾನದಲ್ಲಿ ಉತ್ತರವಿದೆ.

ಒತ್ತಡ ಎಂದರೇನು?

ಭೌತಶಾಸ್ತ್ರದಲ್ಲಿ ಒತ್ತಡದ ಪಾಠ ನಿಮಗೆ ಗೊತ್ತು. ಸ್ಪ್ರಿಂಗನ್ನು ಎಳೆದರೆ ಅದು ಉದ್ದವಾಗುತ್ತದೆ, ಬಿಟ್ಟರೆ ಮೊದಲಿನ ಅಳತೆಗೆ ಮರಳುತ್ತದೆ. ಸ್ಥಿತಿಸ್ಥಾಪಕತೆಯ ಮಿತಿಯನ್ನು ಮೀರಿ ಎಳೆದರೆ ಮಾತ್ರ ಹಾಗೆಯೇ ಉಳಿದುಬಿಡುತ್ತದೆ. ಈ ಪದವನ್ನು ಜೀವಿಗಳ ವಿಷಯದಲ್ಲಿ ಪ್ರಚಾರಕ್ಕೆ ತಂದವರು ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಸಂಶೋಧನೆ ನಡೆಸಿದ ಹ್ಯಾನ್ಸ್ ಸೆಲ್ಯೆ. 1936ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅವರ ಒಂದು ಪುಟ್ಟ ಬರಹ ಪ್ರಕಟವಾಯಿತು. ಇಲಿಗಳನ್ನು ಚಳಿಗೆ ಒಡ್ಡಿದರೂ ಅಷ್ಟೇ, ಮಿತಿಮೀರಿ ಓಡಿಸಿದರೂ ಅಷ್ಟೇ, ಗಾಯ ಮಾಡಿದರೂ ಅಷ್ಟೇ. ಅವುಗಳ ದೇಹದಲ್ಲಿ ಒಂದೇ ಬಗೆಯ ಬದಲಾವಣೆಗಳು ಕಂಡುಬರುತ್ತಿದ್ದವು. ಅಡ್ರಿನಲ್ ಗ್ರಂಥಿಗಳು ಊದಿಕೊಳ್ಳುತ್ತಿದ್ದವು, ಜಠರದಲ್ಲಿ ಹುಣ್ಣು ಕಾಣಿಸಿಕೊಳ್ಳುತ್ತಿತ್ತು. ಕಾರಣ ಯಾವುದೇ ಇರಲಿ, ದೇಹದ ಉತ್ತರ ಬಹುಪಾಲು ಒಂದೇ ಎಂಬುದು ಅವರ ತೀರ್ಮಾನ. ಮೊದಲು ಎಚ್ಚರಿಕೆ, ನಂತರ ಹೊಂದಿಕೊಂಡು ತಡೆದುಕೊಳ್ಳುವಿಕೆ, ಕೊನೆಗೆ ಬಳಲಿಕೆ ಎಂದು ಅವರು ಇದನ್ನು ಮೂರು ಘಟ್ಟಗಳಾಗಿ ವಿಂಗಡಿಸಿದರು.

ಅಡ್ರಿನಲ್ ಗ್ರಂಥಿಗಳು ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುತ್ತವೆ. ಗಾಬರಿಯಾದ ಕ್ಷಣದಲ್ಲಿ ಅವು ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಸುರಿಯುತ್ತವೆ. ಎದೆ ಬಡಿತ ಏರುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ಆಮೇಲೆ ಬರುವ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ರಕ್ತದಲ್ಲಿ ಸಕ್ಕರೆಯ ಅಂಶವನ್ನು ಏರಿಸಿಡುತ್ತದೆ. ಹುಲಿ ಎದುರಾದಾಗ ಓಡಲು ಇಷ್ಟು ಸಿದ್ಧತೆ ಬೇಕೇ ಬೇಕು. ತೊಂದರೆ ಇರುವುದು ಹುಲಿ ಹೋದ ಮೇಲೂ ಸಿದ್ಧತೆ ಇಳಿಯದಿದ್ದಾಗ.

ಸಂತೋಷಕ್ಕೂ ಅಂಕವುಂಟು

'ಹಬ್ಬದಲ್ಲಿ ಹುಲಿ ಎಲ್ಲಿದೆ?' ಎಂದು ನೀವು ಕೇಳಬಹುದು. 1967ರಲ್ಲಿ ಅಮೆರಿಕದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ವೈದ್ಯರು 43 ಜೀವನ ಘಟನೆಗಳ ಒಂದು ಪಟ್ಟಿಯನ್ನು ಪ್ರಕಟಿಸಿದರು. ಪ್ರತಿ ಘಟನೆಗೂ ಹೊಂದಿಕೊಳ್ಳಲು ಎಷ್ಟು ಶ್ರಮ ಬೇಕು ಎಂಬುದಕ್ಕೆ ಅಂಕ ಕೊಟ್ಟರು. ಸಂಗಾತಿಯ ಸಾವಿಗೆ 100, ಮದುವೆಗೆ 50. ಸಂತೋಷದ ಮದುವೆಗೂ ಅಂಕವಿರುವುದನ್ನು ಗಮನಿಸಿ. ಅದೇ ಪಟ್ಟಿಯಲ್ಲಿ ರಜೆಗೆ 13, ಅವರ ದೊಡ್ಡ ಹಬ್ಬವಾದ ಕ್ರಿಸ್ಮಸ್‌ಗೆ 12, ನಿದ್ರೆಯ ಕ್ರಮ ಬದಲಾದರೆ 16, ಊಟದ ಕ್ರಮ ಬದಲಾದರೆ 15, ಬಂಧುಗಳು ಸೇರುವುದರಲ್ಲಿ ಹೆಚ್ಚುಕಡಿಮೆಯಾದರೆ 15.

ಕ್ರಿಸ್ಮಸ್ ಇರುವಲ್ಲಿ ನಮ್ಮ ದೀಪಾವಳಿಯನ್ನಿಟ್ಟು ಕೂಡಿಸಿ ನೋಡಿ. ಒಟ್ಟು 71. ಒಂದೊಂದೂ ಸಣ್ಣದು, ಆದರೆ ಐದೂ ಬರುವುದು ಒಂದೇ ವಾರದಲ್ಲಿ. ಈ ಅಂಕಗಳು ಬೇರೆ ದೇಶದ ಜನರಿಂದ ಪಡೆದ ಸರಾಸರಿ. ನಿಮ್ಮ ಮನೆಗೆ ಚಾಚೂ ತಪ್ಪದೆ ಹೊಂದಲಾರವು. ಆದರೆ ಒಂದು ಮಾತು ಎಲ್ಲರಿಗೂ ಸಲ್ಲುತ್ತದೆ. ದೇಹಕ್ಕೆ ದುಃಖ ಮಾತ್ರವಲ್ಲ, ಬದಲಾವಣೆಯೂ ಕೆಲಸವೇ.

ಒಳಗಿನ ಗಡಿಯಾರ

ಈ ಬದಲಾವಣೆಗಳಲ್ಲಿ ವಿದ್ಯಾರ್ಥಿಗಳನ್ನು ಹೆಚ್ಚು ಕಾಡುವುದು ನಿದ್ರೆಯದು. ನಮ್ಮ ಮಿದುಳಿನಲ್ಲಿ, ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲ್ಭಾಗದಲ್ಲಿ, ಒಂದು ಜೈವಿಕ ಗಡಿಯಾರವಿದೆ. ಇಂಥ ಗಡಿಯಾರ ಜೀವಕೋಶಗಳೊಳಗೆ ಹೇಗೆ ನಡೆಯುತ್ತದೆ ಎಂಬುದನ್ನು ತೋರಿಸಿಕೊಟ್ಟ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಬಹುಪಾಲು ಜನರಲ್ಲಿ ಇದರ ಒಂದು ಸುತ್ತು 24 ಗಂಟೆಗಿಂತ ತುಸು ಹೆಚ್ಚು. ಆದ್ದರಿಂದಲೇ ತಡವಾಗಿ ಮಲಗುವುದು ನಮಗೆ ಸುಲಭ, ಬೇಗ ಮಲಗುವುದು ಕಷ್ಟ. ಹದಿವಯಸ್ಸಿನಲ್ಲಂತೂ ಈ ಗಡಿಯಾರ ಇನ್ನಷ್ಟು ಹಿಂದಕ್ಕೆ ಸರಿದಿರುತ್ತದೆ. ನೀವು ತಡವಾಗಿ ಏಳುವುದೆಲ್ಲ ಸೋಮಾರಿತನವಲ್ಲ ಎಂದು ಮನೆಯ ಹಿರಿಯರಿಗೆ ಧೈರ್ಯವಾಗಿ ತಿಳಿಸಬಹುದು!

ಗಡಿಯಾರಕ್ಕೆ ಕೀಲಿ ಕೊಡುವುದು ಬೆಳಕು. ಬೆಳಗಿನ ಬೆಳಕು ಅದನ್ನು ಮುಂದಕ್ಕೆ ತಳ್ಳಿದರೆ, ತಡರಾತ್ರಿಯ ಬೆಳಕು ಹಿಂದಕ್ಕೆ ಎಳೆಯುತ್ತದೆ. ರಜೆಯಲ್ಲಿ ನಾವು ಮಾಡುವುದೇನು? ರಾತ್ರಿ ಒಂದು ಗಂಟೆಯವರೆಗೆ ಫೋನಿನ ಬೆಳಕು, ಬೆಳಿಗ್ಗೆ ಹತ್ತರವರೆಗೆ ಮುಸುಕು. ನರಕ ಚತುರ್ದಶಿಯ ದಿನ ನಾಲ್ಕು ಗಂಟೆಗೇ ಎಣ್ಣೆಸ್ನಾನಕ್ಕೆ ಅಜ್ಜಿಯ ಕರೆ. ಹೀಗೆ ಗಡಿಯಾರವನ್ನು ಹಿಂದೆ ಮುಂದೆ ತಿರುಗಿಸಿದರೆ, ವಿಮಾನದಲ್ಲಿ ದೂರದೇಶಕ್ಕೆ ಹೋಗಿ ಬಂದವರಿಗಾಗುವ ಆಯಾಸವೇ ಮನೆಯಲ್ಲಿ ಕುಳಿತವರಿಗೂ ಆಗುತ್ತದೆ. 13ರಿಂದ 18 ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕು. ರಜೆಯಲ್ಲಿ ಮಲಗುವ ವೇಳೆ ಒಂದು ಗಂಟೆಗಿಂತ ಹೆಚ್ಚು ಸರಿಯದಂತೆ ನೋಡಿಕೊಳ್ಳಿ. ಈಗಾಗಲೇ ಸರಿದಿದ್ದರೆ ಶಾಲೆ ತೆರೆಯುವ ನಾಲ್ಕೈದು ದಿನ ಮೊದಲಿನಿಂದ ದಿನಕ್ಕೆ ಅರ್ಧ ಗಂಟೆಯಂತೆ ಬೇಗ ಏಳಿ, ಎದ್ದೊಡನೆ ಅಂಗಳಕ್ಕೋ ತಾರಸಿಗೋ ಹೋಗಿ ಬೆಳಕಿಗೆ ಮುಖ ಕೊಡಿ.

ಹಬ್ಬದ ಊಟ

ಹೋಳಿಗೆ ಬೇಡವೆನ್ನುವಷ್ಟು ಕಠಿಣ ಹೃದಯ ನಮ್ಮದಲ್ಲ. ಲೆಕ್ಕ ಮಾತ್ರ ಗೊತ್ತಿರಲಿ. ದಿನಕ್ಕೆ 2000 ಕ್ಯಾಲೊರಿ ಆಹಾರ ಬೇಕಾದ ವ್ಯಕ್ತಿಗೆ ಸೇರಿಸಿದ ಸಕ್ಕರೆ 50 ಗ್ರಾಂ, ಎಂದರೆ ಸುಮಾರು 12 ಟೀ ಚಮಚ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿದೆ. ಬೆಲ್ಲವೂ ಈ ಲೆಕ್ಕಕ್ಕೇ ಸೇರುತ್ತದೆ. ಚಕ್ಕುಲಿ, ಕೋಡುಬಳೆ ಹಲವು ದಿನ ಕೆಡುವುದಿಲ್ಲ. ನೀರಿನಂಶವಿಲ್ಲದ ಕಡೆ ಸೂಕ್ಷ್ಮಜೀವಿಗಳು ಬೆಳೆಯಲಾರವು. ಪಾಯಸ, ಕೋಸಂಬರಿಗಳ ಕಥೆ ಬೇರೆ. ಬೇಯಿಸಿದ ಅಡಿಗೆಯನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹಾಗೆಯೇ ಹೊರಗಿಡಬಾರದು.

ಯಾರೂ ಮಾತಾಡದ ಒತ್ತಡಗಳು

ನಿದ್ರೆ, ಊಟಗಳನ್ನು ಸರಿಪಡಿಸುವುದು ಸುಲಭ. ಕೆಲವು ಭಾರಗಳು ಹಾಗಲ್ಲ. ಊಟದ ಪಂಕ್ತಿಯಲ್ಲಿ ದೊಡ್ಡಪ್ಪನೋ ಸೋದರತ್ತೆಯೋ 'ಎಷ್ಟು ಪರ್ಸೆಂಟು ಬಂತು?' ಎನ್ನುತ್ತಾರೆ. ಪಕ್ಕದ ಮನೆಯವರಿಗೆ ಹೊಸ ಬಟ್ಟೆ ಬಂದಿದೆ, ನಮ್ಮ ಮನೆಯಲ್ಲಿ ಈ ವರ್ಷ ಕೈ ಬಿಗಿ. ಕಳೆದ ದೀಪಾವಳಿಗೆ ಇದ್ದ ತಾತ ಈ ದೀಪಾವಳಿಗೆ ಇಲ್ಲ. ಎಲ್ಲರೂ ನಗುತ್ತಿರುವಾಗ ನಮಗೊಬ್ಬರಿಗೇ ನಗು ಬಾರದಿದ್ದರೆ ಏನೋ ತಪ್ಪು ಮಾಡಿದಂತೆ ಅನಿಸುತ್ತದೆ.

ಇಲ್ಲಿ ನಮ್ಮ ಕಸುಬಿನ ಒಂದು ಮಾತನ್ನು ಹೇಳಬೇಕು. ದೂರದರ್ಶನದ ಪರದೆಯ ಮೇಲೆ ಹಬ್ಬವೆಂದರೆ ದೀಪಗಳು, ರೇಷ್ಮೆ ಸೀರೆ, ನಗುಮುಖಗಳು. ಚಿತ್ರೀಕರಿಸಿದ್ದರಲ್ಲಿ ಅವನ್ನು ಮಾತ್ರ ಆರಿಸಿ ಜೋಡಿಸುವವರು ನಾವೇ. ನಿಮ್ಮ ಗೆಳೆಯರು ಫೋನಿನಲ್ಲಿ ಕಳಿಸುವ ಚಿತ್ರಗಳೂ ಹೀಗೆ ಆರಿಸಿದವೇ. ಆರಿಸಿದ ಹತ್ತು ಕ್ಷಣಗಳನ್ನು ನಿಮ್ಮ ಇಡೀ ದಿನದೊಂದಿಗೆ ಹೋಲಿಸುವುದು ನ್ಯಾಯವಲ್ಲ.

ಅಂಕಗಳ ಪ್ರಶ್ನೆಗೆ ಉತ್ತರವನ್ನು ಮೊದಲೇ ಸಿದ್ಧವಾಗಿಟ್ಟುಕೊಳ್ಳಿ. 'ಗಣಿತದಲ್ಲಿ ಇನ್ನೂ ಶ್ರಮ ಬೇಕು ದೊಡ್ಡಪ್ಪ, ಮಾಡುತ್ತಿದ್ದೇನೆ' ಎಂದರೆ ಸುಳ್ಳೂ ಆಗದು, ಜಗಳವೂ ಆಗದು. ಅಗಲಿದವರ ನೆನಪು ಬಂದರೆ ಅವರ ವಿಷಯ ಮಾತಾಡಿ. ಬಹುಶಃ ಅಜ್ಜಿಯೂ ಅದಕ್ಕೇ ಕಾಯುತ್ತಿರಬಹುದು. ಹಬ್ಬದ ದಿನ ಅಮ್ಮ ಸಿಡುಕಿದರೆ, ಅವರು ಎಷ್ಟು ಗಂಟೆಗೆ ಎದ್ದರು ಎಂದು ಲೆಕ್ಕ ಹಾಕಿ. ತೆಂಗಿನಕಾಯಿ ತುರಿಯಲು, ಪಾತ್ರೆ ತೊಳೆಯಲು ನೀವು ಕೈ ಹಾಕಿದರೆ ಮನೆಯ ಒಟ್ಟು ಒತ್ತಡವೇ ಇಳಿಯುತ್ತದೆ. ಈ ಮಾತು ಹುಡುಗರಿಗೂ ಅನ್ವಯಿಸುತ್ತದೆ.

ಮಾಡಿ ನೋಡಿ

ಒಂದು ಪುಟ್ಟ ಪ್ರಯೋಗ. ಸುಮ್ಮನೆ ಕುಳಿತು ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನಲ್ಲಿ ನಾಡಿಯನ್ನು ಹುಡುಕಿ. ನಾಲ್ಕು ಎಣಿಸುವಷ್ಟು ಹೊತ್ತು ಉಸಿರೆಳೆದು, ಆರು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡಿ. ಒಳಗೆಳೆದಾಗ ನಾಡಿ ತುಸು ಚುರುಕಾಗುವುದು, ಹೊರಬಿಟ್ಟಾಗ ನಿಧಾನವಾಗುವುದು ಬೆರಳಿಗೆ ತಿಳಿಯಬಹುದು. ಉಸಿರು ಬಿಡುವಾಗ ವೇಗಸ್ ಎಂಬ ನರ ಹೃದಯಕ್ಕೆ ಲಗಾಮು ಹಾಕುತ್ತದೆ. ಐದು ನಿಮಿಷ ಹೀಗೆ ಮಾಡಿದರೆ ಗಾಬರಿ ಇಳಿಯಲು ಸಹಾಯವಾಗುತ್ತದೆ. ತಲೆ ಸುತ್ತಿದಂತಾದರೆ ನಿಲ್ಲಿಸಿ.

ಓದಿನ ಚಿಂತೆಗೂ ಮದ್ದುಂಟು. ಹೊಸದಾಗಿ ಕಲಿತದ್ದು ಮೊದಲ ಕೆಲವು ದಿನಗಳಲ್ಲೇ ವೇಗವಾಗಿ ಮರೆತುಹೋಗುತ್ತದೆಂದು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದರು. ರಜೆಯ ಕೊನೆಯ ದಿನ ಎಂಟು ಗಂಟೆ ಓದುವುದಕ್ಕಿಂತ ದಿನಕ್ಕೆ ಅರ್ಧ ಗಂಟೆ ಹಳೆಯ ಪಾಠ ತಿರುವಿಹಾಕುವುದು ಮೇಲು. ಆ ಅರ್ಧ ಗಂಟೆ ಮುಗಿದ ಮೇಲೆ ನಿಶ್ಚಿಂತೆಯಿಂದ ಆಡಬಹುದು.

ಕೊನೆಯದಾಗಿ, ಸ್ಪ್ರಿಂಗಿನ ಮಿತಿಯ ಮಾತು. ಬೇಸರ ಎರಡು ವಾರ ಕಳೆದರೂ ಇಳಿಯದೆ, ಇಷ್ಟದ ಆಟವೂ ಬೇಡವೆನಿಸಿದರೆ, ಊಟ ನಿದ್ರೆ ಕೆಟ್ಟರೆ, ಅದು ಹಬ್ಬದ ದಣಿವಲ್ಲ. ಬದುಕೇ ಬೇಡವೆಂಬ ಯೋಚನೆ ಬಂದರಂತೂ ಎರಡು ವಾರವಲ್ಲ, ಎರಡು ಗಂಟೆಯೂ ಕಾಯಬೇಡಿ. ಮನೆಯ ಒಬ್ಬ ಹಿರಿಯರಿಗೆ ಅಥವಾ ನಿಮಗೆ ಹತ್ತಿರದ ಅಧ್ಯಾಪಕರಿಗೆ ಹೇಳಿ. 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ಎಂಬ ಸರ್ಕಾರಿ ಸಹಾಯವಾಣಿಯ ಸಂಖ್ಯೆ 14416. ಈ ಯೋಜನೆಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಕರೆ ಉಚಿತ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲೇ ಮಾತಾಡಬಹುದು. ಸಂಖ್ಯೆಯನ್ನು ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಿ. ನಿಮಗೆ ಬೇಕಾಗದಿದ್ದರೂ ಪಕ್ಕದ ಬೆಂಚಿನವರಿಗೆ ಬೇಕಾಗಬಹುದು.