ಕೇಳುತ್ತಿರುವವರ ಮುಖ

ಎಪ್ಪತ್ತು ವರ್ಷ ಹಳೆಯ ಕಪ್ಪು-ಬಿಳುಪು ಜಾಝ್ ಕಚೇರಿಗಳು ಈಗ ಹೊಳಲ್ಕೆರೆಯ ಬಸ್ ನಿಲ್ದಾಣದಲ್ಲಿ ಕೂತವರ ಮೊಬೈಲಿಗೂ ಬರುತ್ತವೆ. ಧ್ವನಿಮುದ್ರಿಕೆ ಬೇಕಾದಷ್ಟಿರುವಾಗ, ಈ ಮಸುಕು ಚಿತ್ರಗಳನ್ನು ಕಣ್ಣಿಟ್ಟು ನೋಡಬೇಕೇಕೆ?

ಚಾರ್ಲಿ ಪಾರ್ಕರ್ ಅಲುಗಾಡುವುದೇ ಇಲ್ಲ. ಸ್ಯಾಕ್ಸೋಫೋನಿನಿಂದ ಸ್ವರಗಳು ಒಂದರ ಬೆನ್ನಿಗೊಂದು ಬಿದ್ದು ಬರುತ್ತಿವೆ, ಮೈ ಮಾತ್ರ ನಿಂತಲ್ಲೇ ನಿಂತಿದೆ. ಬೆರಳು ಆಡುತ್ತವೆ, ಕಣ್ಣು ಆಡುತ್ತವೆ, ಅಷ್ಟೇ. ಪಕ್ಕದಲ್ಲಿ ಟ್ರಂಪೆಟ್ ಹಿಡಿದ ಡಿಜ್ಜಿ ಗಿಲೆಸ್ಪಿ. 1952ರ ಫೆಬ್ರವರಿ 24, ಅಮೆರಿಕದ ಡ್ಯೂಮಾಂಟ್ ಟೆಲಿವಿಷನ್‌ನ ನೇರ ಪ್ರಸಾರ. ಇಬ್ಬರಿಗೂ ಆಗತಾನೇ ಪತ್ರಿಕೆಯೊಂದರ ಪ್ರಶಸ್ತಿ ಕೊಟ್ಟಾಗಿದೆ. ನಿರೂಪಕ ಇವರನ್ನು ಹುಡುಗರೆಂದು ಕರೆದು, ಏನಾದರೂ ಹೇಳುವುದಿದೆಯೇ ಎಂದು ಕೇಳುತ್ತಾನೆ. ಮಾತಿಗಿಂತ ಸಂಗೀತವೇ ಗಟ್ಟಿಯಾಗಿ ಮಾತಾಡುತ್ತದಂತೆ, ನಾವು ಅದರಲ್ಲೇ ಹೇಳುತ್ತೇವೆ ಎಂಬರ್ಥದ ಉತ್ತರವನ್ನು ಪಾರ್ಕರ್ ಬಲು ವಿನಯದಿಂದ ಕೊಡುತ್ತಾರೆ. ಆಮೇಲೆ ‘ಹಾಟ್ ಹೌಸ್’ ಶುರುವಾಗುತ್ತದೆ. ಆ ವಿನಯದೊಳಗೆ ಎಷ್ಟು ಸಿಟ್ಟಿತ್ತೆಂಬುದನ್ನು ನೋಡಿದವರು ತಮಗೆ ತೋಚಿದಂತೆ ಅಳೆದುಕೊಳ್ಳಬೇಕು.

ಪಾರ್ಕರ್ ಮುಂದಿನ ಮೂರೇ ವರ್ಷಗಳಲ್ಲಿ, 34ರ ಹರೆಯದಲ್ಲಿ ತೀರಿಕೊಂಡರು. ಜಾಝ್‌ನ ದಾರಿಯನ್ನೇ ಬದಲಿಸಿದ ಈ ಮನುಷ್ಯ ನಿಜವಾಗಿ ನುಡಿಸುತ್ತಿರುವ, ಚಿತ್ರ ಮತ್ತು ದನಿ ಒಟ್ಟಿಗೇ ದಾಖಲಾಗಿ ಉಳಿದ ತುಣುಕು ಇದೊಂದೇ. 1950ರಲ್ಲಿ ತೆಗೆದ ಇನ್ನೊಂದು ಚಿತ್ರದಲ್ಲಿ ಅವರು ಮೊದಲೇ ಮುದ್ರಿಸಿಕೊಂಡ ದನಿಗೆ ಬೆರಳಾಡಿಸಿದ್ದಾರೆ. ಆಗ ವಿಡಿಯೊ ಟೇಪ್ ಇನ್ನೂ ಬಂದಿರಲಿಲ್ಲ. ನೇರ ಪ್ರಸಾರವನ್ನು ಉಳಿಸಿಕೊಳ್ಳಬೇಕೆಂದರೆ ಟೆಲಿವಿಷನ್ ಪರದೆಯ ಮುಂದೆ ಫಿಲ್ಮ್ ಕ್ಯಾಮೆರಾ ಇಟ್ಟು ಚಿತ್ರಿಸಬೇಕಿತ್ತು. ಡ್ಯೂಮಾಂಟ್ 1956ರಲ್ಲಿ ಮುಚ್ಚಿತು, ಅದರ ಕಾರ್ಯಕ್ರಮಗಳಲ್ಲಿ ಬಹುಪಾಲು ನಾಶವಾದವು. ಟೇಪ್ ಬಂದ ಮೇಲೂ ಪರಿಸ್ಥಿತಿ ಸುಧಾರಿಸಲಿಲ್ಲ. ಟೇಪ್ ದುಬಾರಿಯಾದ್ದರಿಂದ ಬಿಬಿಸಿಯಂಥ ಸಂಸ್ಥೆಯೂ ಹಳೆಯದನ್ನು ಅಳಿಸಿ ಅದರ ಮೇಲೆಯೇ ಹೊಸದನ್ನು ಮುದ್ರಿಸಿತು. ನಮಗೆ ಸಿಗುವ ಒಂದೊಂದು ಹಳೆಯ ಕಚೇರಿಯೂ ಯಾರದೋ ಮರೆವಿನಿಂದಲೋ ಹಟದಿಂದಲೋ ಬದುಕಿಕೊಂಡದ್ದು.

ಚಿತ್ರದುರ್ಗದವರಾದ ನಮಗೆ ಈ ಸಂಗತಿ ಸ್ವಲ್ಪ ಹೆಚ್ಚೇ ನಾಟಬೇಕು. ನಮ್ಮೂರಿನ ಅತಿ ಪ್ರಸಿದ್ಧ ಗಾಯಕನ ಮುಖವನ್ನು ನಾವ್ಯಾರೂ ಕಂಡಿಲ್ಲ, ದನಿಯನ್ನು ಕೇಳಿಲ್ಲ. 18ನೇ ಶತಮಾನದ ಭೈರವಿ ವೆಂಕಟಸುಬ್ಬಯ್ಯ ನಮಗೆ ಗೊತ್ತಿರುವುದು ತ.ರಾ.ಸು. ಅವರ ‘ಹಂಸಗೀತೆ’ ಕಾದಂಬರಿಯಿಂದ. ದೊರೆಯ ಅಪ್ಪಣೆಗೆ ಹಾಡಲಾರೆನೆಂದು ನಾಲಗೆಯನ್ನೇ ಕೊಯ್ದುಕೊಂಡವನ ಕಥೆ ಅದು. ಅದನ್ನು ಆಧರಿಸಿ 1956ರಲ್ಲಿ ಹಿಂದಿಯ ‘ಬಸಂತ್ ಬಹಾರ್’ ಬಂತು, ಅದರಲ್ಲಿ ಭೀಮಸೇನ ಜೋಶಿಯವರೂ ಮನ್ನಾ ಡೇಯವರೂ ಜೊತೆಯಾಗಿ ಹಾಡಿದರು. 1975ರಲ್ಲಿ ಜಿ.ವಿ. ಅಯ್ಯರ್ ಅದನ್ನೇ ಕನ್ನಡದಲ್ಲಿ ಚಿತ್ರ ಮಾಡಿದರು. ವೆಂಕಟಸುಬ್ಬಯ್ಯನಿಗೆ ಅನಂತನಾಗ್ ಮುಖವಾದರು, ದನಿ ಕೊಟ್ಟ ಬಾಲಮುರಳಿಕೃಷ್ಣ ಅವರಿಗೆ ಆ ವರ್ಷದ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ಅಂದರೆ ನಮ್ಮ ಗಾಯಕನಿಗೆ ಇರುವುದು ಎರವಲು ಮುಖ, ಎರವಲು ಕಂಠ. ಮೂಲದ್ದೆಂಬುದು ಒಂದು ಉಸಿರಿನಷ್ಟೂ ಇಲ್ಲ.

ಜಾಝ್‌ಗೂ ಇಂಥದೇ ಒಬ್ಬ ಮೂಲಪುರುಷನಿದ್ದಾನೆ. ನ್ಯೂ ಆರ್ಲಿಯನ್ಸ್‌ನ ಬಡ್ಡಿ ಬೋಲ್ಡನ್ ಕಾರ್ನೆಟ್ ಊದಿದರೆ ದೂರದೂರಕ್ಕೆ ಕೇಳುತ್ತಿತ್ತೆಂದು ಕೇಳಿದವರೆಲ್ಲ ಹೇಳಿದರು. 1907ರಲ್ಲಿ ಅವನನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದರು, 1931ರಲ್ಲಿ ಅಲ್ಲೇ ಸತ್ತ. ಒಂದು ಫೋಟೊ ಬಿಟ್ಟರೆ ಧ್ವನಿಮುದ್ರಿಕೆ ಒಂದೂ ಇಲ್ಲ. ಅವನನ್ನೂ ಕಾದಂಬರಿಯೇ ಕಾಪಾಡಿತು: 1976ರಲ್ಲಿ ಮೈಕೆಲ್ ಒಂಡಾಟ್ಜೆ ಬರೆದ ‘ಕಮಿಂಗ್ ಥ್ರೂ ಸ್ಲಾಟರ್’. ತ.ರಾ.ಸು. ಅದಕ್ಕೂ ಎರಡು ದಶಕ ಮೊದಲೇ ದುರ್ಗದಲ್ಲಿ ಈ ಕೆಲಸ ಮುಗಿಸಿದ್ದರು ಎಂಬುದು ನನಗೆ ಸಣ್ಣ ಹೆಮ್ಮೆಯ ವಿಷಯ. ಆದರೆ ಕಾದಂಬರಿ ಎಷ್ಟೇ ದೊಡ್ಡದಾದರೂ, ಹಾಡುವಾಗ ಆ ಮನುಷ್ಯ ಪಕ್ಕವಾದ್ಯದವನ ಕಡೆ ಹೇಗೆ ನೋಡುತ್ತಿದ್ದ ಎಂಬುದನ್ನು ಊಹಿಸಿಯೇ ಹೇಳಬೇಕು.

ನನ್ನ ಮಟ್ಟಿಗೆ ಹಳೆಯ ಕಚೇರಿಗಳ ಸೆಳೆತ ಇರುವುದು ಆ ನೋಟದಲ್ಲಿ. ನುಡಿಸುವವನನ್ನು ಧ್ವನಿಮುದ್ರಿಕೆ ಚೆನ್ನಾಗಿಯೇ ಕೊಡುತ್ತದೆ, ಕೆಲವೊಮ್ಮೆ ವಿಡಿಯೊಗಿಂತ ಚೆನ್ನಾಗಿ. ನುಡಿಸದೆ ಸುಮ್ಮನೆ ಕೇಳುತ್ತಿರುವವನು ಅದರಲ್ಲಿ ಇರುವುದೇ ಇಲ್ಲ.

1957ರ ಡಿಸೆಂಬರ್ 8ರಂದು ಸಿಬಿಎಸ್ ವಾಹಿನಿ ‘ದಿ ಸೌಂಡ್ ಆಫ್ ಜಾಝ್’ ಎಂಬ ನೇರ ಪ್ರಸಾರ ಮಾಡಿತು. ಅಲಂಕಾರವಿಲ್ಲದ ಸ್ಟುಡಿಯೊ, ಕ್ಯಾಮೆರಾಗಳು ಅಲ್ಲಲ್ಲಿ ಚಿತ್ರದೊಳಗೇ ಕಾಣುತ್ತವೆ. ಎತ್ತರದ ಸ್ಟೂಲಿನ ಮೇಲೆ ಕೂತ ಬಿಲಿ ಹಾಲಿಡೇ ತಾವೇ ಬರೆದ ‘ಫೈನ್ ಅಂಡ್ ಮೆಲೋ’ ಹಾಡುತ್ತಾರೆ. ಸುತ್ತ ಆ ಕಾಲದ ಘಟಾನುಘಟಿಗಳು: ಬೆನ್ ವೆಬ್‌ಸ್ಟರ್, ಕೋಲ್ಮನ್ ಹಾಕಿನ್ಸ್, ಜೆರ್ರಿ ಮಲ್ಲಿಗನ್, ರಾಯ್ ಎಲ್ಡ್ರಿಜ್. ಹಾಡಿನ ಸಾಲುಗಳ ನಡುವೆ ಒಬ್ಬೊಬ್ಬರದೂ ಸರದಿ. ವೆಬ್‌ಸ್ಟರ್ ಆದ ಮೇಲೆ ಸ್ಯಾಕ್ಸೋಫೋನ್ ಹಿಡಿದು ಲೆಸ್ಟರ್ ಯಂಗ್ ಎದ್ದು ನಿಲ್ಲುತ್ತಾರೆ. ಮೈಯಲ್ಲಿ ಸರಿಯಿಲ್ಲ, ಕುಡಿತ ಅವರನ್ನು ಹಿಂಡಿದೆ. ಒಂದು ಕಾಲದಲ್ಲಿ ಬಿಲಿಗೆ ತೀರಾ ಹತ್ತಿರದ ಗೆಳೆಯ, ನಡುವೆ ವರ್ಷಗಟ್ಟಲೆ ದೂರವಾಗಿದ್ದವರು. ಅವರು ನುಡಿಸುವುದು ಒಂದೇ ಒಂದು ಸುತ್ತು, ಅದೂ ತೀರಾ ಕಡಿಮೆ ಸ್ವರಗಳಲ್ಲಿ. ಉಳಿದವರು ಬಾಯ್ತುಂಬ ಹೇಳಿದ್ದನ್ನು ಇವರು ಅರ್ಧ ಮಾತಲ್ಲಿ ಹೇಳಿ ಮುಗಿಸುತ್ತಾರೆ.

ಆ ಹೊತ್ತಿಗೆ ಕ್ಯಾಮೆರಾ ಬಿಲಿಯ ಮುಖಕ್ಕೆ ಬರುತ್ತದೆ. ತಲೆ ನಿಧಾನ ತೂಗುತ್ತದೆ, ಹುಬ್ಬು ಏರುತ್ತದೆ, ತುಟಿಯಲ್ಲಿ ನಗುವಿಗೆ ತುಸು ಮೊದಲಿನದೇನೋ ಒಂದು. ಒಂದು ಸ್ವರ ಬರುವ ಮೊದಲೇ ಅದು ಬರುತ್ತದೆಂದು ಆಕೆಗೆ ಗೊತ್ತು, ಬಂದಾಗ ಹೌದು ಎನ್ನುತ್ತಾರೆ. 1959ರ ಮಾರ್ಚ್‌ನಲ್ಲಿ ಲೆಸ್ಟರ್ ಸತ್ತರು, ಜುಲೈಯಲ್ಲಿ ಬಿಲಿ. ಈ ತುಣುಕಿನ ಬಗ್ಗೆ ಬರೆಯುವವರೆಲ್ಲ ಈ ಎರಡು ಸಾವುಗಳನ್ನು ಮುಂದಿಟ್ಟುಕೊಂಡೇ ಬರೆಯುತ್ತಾರೆ, ನಾನೂ ಈಗ ಅದನ್ನೇ ಮಾಡಿದೆ. ಸಾವಿನ ವಿಷಯ ಗೊತ್ತಿಲ್ಲದವರಿಗೆ ತೋರಿಸಿದರೂ ಆ ಮುಖ ಅಷ್ಟೇ ಬಲವಾಗಿ ಹಿಡಿಯುತ್ತದೆ ಎಂದು ಮಾತ್ರ ಸೇರಿಸುತ್ತೇನೆ.

ಇದು ನಮಗೆ ಅಪರಿಚಿತ ಸುಖವೇನಲ್ಲ. ಹಿರಿಯೂರಿನ ತೇರುಮಲ್ಲೇಶ್ವರನ ರಥೋತ್ಸವದಲ್ಲಿ ಜನವೆಲ್ಲ ತೇರಿನ ಕಡೆ ತಿರುಗಿದ್ದರೆ, ಒಂದಿಬ್ಬರು ಮಾತ್ರ ವಾದ್ಯದವರ ಎದುರೇ ನಿಂತಿರುತ್ತಾರೆ. ಉರುಮೆಯವನು ಗತಿ ಬದಲಿಸುವ ಮುನ್ನ ಜೊತೆಗಾರನಿಗೆ ಕಣ್ಣಲ್ಲೇ ಕೊಡುವ ಸೂಚನೆ ಅವರಿಗೆ ಬೇಕು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲೂ ಇಂಥವರಿದ್ದಾರೆ. ಶಿವಸಂಚಾರ ತಂಡದ ನಾಟಕ ನಡೆಯುವಾಗ ನಟರನ್ನು ಬಿಟ್ಟು, ಪಕ್ಕದಲ್ಲಿ ಕೂತ ಹಾರ್ಮೋನಿಯಂನವರ ಮುಖವನ್ನೇ ನೋಡುತ್ತ ಮುಂದಿನ ಹಾಡು ಯಾವಾಗ ಏಳುತ್ತದೆಂದು ಕಾಯುವವರು. ಹಳೆಯ ಜಾಝ್ ತುಣುಕುಗಳು ಅಂಥವರಿಗಾಗಿಯೇ ಇವೆ. ರಾಗ-ತಾಳದ ಪಾಠ ಆಮೇಲೆ ಬಂದರೂ ನಡೆದೀತು.

1965ರ ಆಗಸ್ಟ್ 1ರಂದು ಬೆಲ್ಜಿಯಂನ ಕೋಂಬ್ಲೆನ್-ಲಾ-ತೂರ್ ಎಂಬ ಊರಿನ ಬಯಲಲ್ಲಿ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ತಂಡ ನುಡಿಸಿದ್ದರ ಚಿತ್ರ ಇನ್ನೊಂದು ಬಗೆಯದು. ಅಲ್ಲಿ ಮೈಯೇ ಮಾತಾಡುತ್ತದೆ. ತಣ್ಣನೆ ರಾತ್ರಿ. ಡ್ರಮ್ಸ್ ಬಾರಿಸುವ ಎಲ್ವಿನ್ ಜೋನ್ಸ್ ಮೈಯಿಂದ ಹಬೆ ಏಳುತ್ತಿದೆ, ಬೆಳಕಿಗೆ ಎದುರಾಗಿ ಅದು ಬೆಳ್ಳಗೆ ಕಾಣುತ್ತದೆ. ರೆಕಾರ್ಡ್ ಕೇಳಿದಾಗ ಈ ಸಂಗೀತ ಧ್ಯಾನವೋ ಅಧ್ಯಾತ್ಮವೋ ಎನಿಸಿದವರು ಇದನ್ನು ನೋಡಿದರೆ ಅದರ ಹಿಂದಿನ ಕೂಲಿ ಎಷ್ಟೆಂದು ತಿಳಿಯುತ್ತದೆ.

ಇಂಥ ಚಿತ್ರಗಳಿಗೆ ಈಗ ಕೆಲವರು ಕಂಪ್ಯೂಟರಿನಿಂದ ಬಣ್ಣ ಬಳಿದು, ಚಲನೆಯನ್ನು ನುಣುಪು ಮಾಡಿ ಬಿಡುತ್ತಿದ್ದಾರೆ. ನನಗೆ ಅದು ಹಿಡಿಸದು. ಬೆವರು ಹೋಗಿ ಚರ್ಮಕ್ಕೆ ಮೇಣದ ಹೊಳಪು ಬಂದಿರುತ್ತದೆ. ತುಟಿಯ ಅಂಚಿನ ಆ ಅರೆನಗುವನ್ನು ಯಂತ್ರ ತಾನೇ ಊಹಿಸಿ ತುಂಬಿರುತ್ತದೆ.

ಜಾಝ್‌ಗೂ ಕನ್ನಡಕ್ಕೂ ಎತ್ತಣ ಸಂಬಂಧ ಎನ್ನುವವರಿಗೆ ಮೂರು ಹೆಸರು ಹೇಳಬೇಕು.

ಮೊದಲನೆಯದು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್. ಮೃದಂಗದ ಟಿ.ಎ.ಎಸ್. ಮಣಿ 1964ರಲ್ಲಿ ಕಟ್ಟಿದ ಸಂಸ್ಥೆ. ಅವರ ಪತ್ನಿ ಆರ್.ಎ. ರಮಾಮಣಿ ಗಾಯಕಿ. ಬಾಸ್ಟನ್‌ನಲ್ಲಿ ಹುಟ್ಟಿದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ, ಚಾರ್ಲ್ಸ್ ಮಿಂಗಸ್ ಜೊತೆ ನುಡಿಸಿದ್ದವರು, ನಾಗಸ್ವರವನ್ನೂ ಕಲಿತವರು, ಈ ತಂಡದೊಂದಿಗೆ 1983ರಲ್ಲಿ ‘ಜ್ಯೋತಿ’ ಎಂಬ ಆಲ್ಬಂ ಮಾಡಿದರು. ಜರ್ಮನಿಯ ಇಸಿಎಂ ಸಂಸ್ಥೆ ಅದನ್ನು ಹೊರತಂದಿತು. ಇವರು ಒಟ್ಟಿಗೆ ನುಡಿಸಿದ ಕಚೇರಿಗಳ ಹಳೆಯ ತುಣುಕು ಸಿಕ್ಕರೆ, ರಮಾಮಣಿ ಹಾಡುವಾಗ ಮರಿಯಾನೊ ಅವರನ್ನು ನೋಡಿ. ಅವರು ನುಡಿಸುವಾಗ ಮಣಿಯವರನ್ನು ನೋಡಿ. ಬಾಯಲ್ಲೇ ತಾಳದ ಸೊಲ್ಲು ನುಡಿಯುವ ಕೊನಗೋಲಿನ ಮುಕ್ತಾಯ ಸಮಕ್ಕೆ ಬಂದು ಬೀಳುವ ಆ ಕ್ಷಣದ ಲೆಕ್ಕ ಇಬ್ಬರಿಗೂ ಬೇರೆ ಬೇರೆ ದಾರಿಯಲ್ಲಿ ಬಂದದ್ದು, ಬೀಳುವ ಜಾಗ ಒಂದೇ. ಮರಿಯಾನೊ 2009ರಲ್ಲಿ, ಮಣಿ 2020ರಲ್ಲಿ ತೀರಿಕೊಂಡರು.

ಎರಡನೆಯದು ಕದ್ರಿ ಗೋಪಾಲನಾಥ್ (1949–2019). ನಾಗಸ್ವರದ ಮನೆಯ ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಮನಸೋತು, ವರ್ಷಗಟ್ಟಲೆ ಹೆಣಗಿ ಅದರಿಂದ ಗಮಕ ಹೊರಡಿಸಿದ್ದು ಕರಾವಳಿಯಲ್ಲಿ ಮನೆಮಾತು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಇವರನ್ನು ಕೇಳಿದ ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ, ತಾವೂ ವೇದಿಕೆಗೆ ಬಂದು ಜೊತೆಗೆ ನುಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನ ಬಿಬಿಸಿ ಪ್ರೋಮ್ಸ್‌ನಲ್ಲಿ ನುಡಿಸಿದರು. ಕದ್ರಿಯವರ ವಿಡಿಯೊಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಕೂತ ಭಂಗಿ. ಜಗತ್ತೆಲ್ಲ ನಿಂತು, ಬಾಗಿ, ತೂಗಿ ನುಡಿಸುವ ವಾದ್ಯವನ್ನು ಈ ಮನುಷ್ಯ ಚಕ್ಕಳಮಕ್ಕಳ ಹಾಕಿ, ಹಣೆ ತುಂಬ ತಿಲಕವಿಟ್ಟು, ಜರಿಯ ಅಂಗಿಯಲ್ಲಿ ನುಡಿಸುತ್ತಾರೆ. ಕಣ್ಣು ಮುಚ್ಚಿ ಕೇಳಿದರೆ ಈ ಸೊಗಸಿನ ಅರ್ಧ ಪಾಲು ನಷ್ಟ.

ಮೂರನೆಯವರು ರುದ್ರೇಶ್ ಮಹಾಂತಪ್ಪ. 1971ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ ಹುಟ್ಟಿ, ಅಮೆರಿಕದ ಕೊಲರಾಡೊದಲ್ಲಿ ಬೆಳೆದ ಕನ್ನಡ ಮನೆತನದ ಹುಡುಗ. ತಂದೆ ಭೌತವಿಜ್ಞಾನಿ. ರುದ್ರೇಶ್‌ಗೆ ಪಾರ್ಕರ್ ಎಂದರೆ ಪ್ರಾಣ. ಜಾಝ್ ಸ್ಯಾಕ್ಸೋಫೋನ್ ಕಲಿಯುತ್ತಿದ್ದಾಗ ಅಣ್ಣ ತಮಾಷೆಗೆಂದು ಕದ್ರಿಯವರ ಆಲ್ಬಂ ಒಂದನ್ನು ತಂದುಕೊಟ್ಟರು. ತಮಾಷೆ ಗಂಭೀರವಾಗಿ, ಮುಂದೆ ಕದ್ರಿಯವರನ್ನೇ ಹುಡುಕಿಕೊಂಡು ಹೋಗಿ, 2008ರಲ್ಲಿ ಇಬ್ಬರೂ ಸೇರಿ ‘ಕಿನ್ಸ್‌ಮೆನ್’ ಹೊರತಂದರು. 2015ರಲ್ಲಿ ಪಾರ್ಕರ್‌ಗೆ ಗೌರವವಾಗಿ ‘ಬರ್ಡ್ ಕಾಲ್ಸ್’ ಮಾಡಿದರು. ಈಗ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾಝ್ ವಿಭಾಗ ಅವರ ಕೈಯಲ್ಲಿದೆ. ಅಲುಗಾಡದೆ ನಿಂತ ಪಾರ್ಕರ್, ಚಕ್ಕಳಮಕ್ಕಳ ಕೂತ ಕದ್ರಿ, ಇಬ್ಬರ ನಡುವೆ ಕಾಲು ಬದಲಿಸುತ್ತ ನುಡಿಸುವ ರುದ್ರೇಶ್: ಮೂವರ ತುಣುಕುಗಳನ್ನು ಒಂದಾದ ಮೇಲೊಂದು ನೋಡಿದರೆ ಸೊಗಸಾದ ಒಂದು ಸಂಜೆ ಕಳೆಯುತ್ತದೆ.

ಹೀಗೆ ಚಿತ್ರದಲ್ಲಿ ಉಳಿಯುವ ವಿಷಯದಲ್ಲಿ ನಮ್ಮ ಹಿಂದುಸ್ತಾನಿ ದಿಗ್ಗಜರ ಅದೃಷ್ಟ ಅಷ್ಟು ಕೆಟ್ಟದ್ದೇನಲ್ಲ. ಭೀಮಸೇನ ಜೋಶಿಯವರ ಬಗ್ಗೆ ಗುಲ್ಜಾರ್, ಮಲ್ಲಿಕಾರ್ಜುನ ಮನ್ಸೂರರ ಬಗ್ಗೆ ನಂದನ್ ಕುಧ್ಯಾಡಿ ಸಾಕ್ಷ್ಯಚಿತ್ರ ಮಾಡಿದ್ದಾರೆ. ಬೆಂಗಳೂರು ದೂರದರ್ಶನ 1981ರಲ್ಲಿ ಶುರುವಾಯಿತು. ಅದಕ್ಕೂ ಮೊದಲಿನವರ ಪೈಕಿ ಕಣ್ಣಿಗೆ ಸಿಗುವವರು ಕಡಿಮೆ. ಶಾಸ್ತ್ರೀಯ ವೇದಿಕೆಯಿಂದ ಆಚೆಗೆ ಹೋದರೆ ಇನ್ನೂ ಕಡಿಮೆ. ನಮ್ಮದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ, ಕಾಡುಗೊಲ್ಲರ ಹಾಡುಗಳ ಕಣಜವೇ ಆಗಿದ್ದ ಹೆಂಗಸು. ಅವರ ಸಂಪತ್ತು ಕೃಷ್ಣಮೂರ್ತಿ ಹನೂರರಂಥವರ ಶ್ರಮದಿಂದ ಪುಸ್ತಕಕ್ಕೆ ಬಂತು. ಪುಸ್ತಕದಲ್ಲಿ ಪದವಿದೆ. ಸೊಲ್ಲು ಹೇಳುವಾಗ ಜೊತೆಯ ಹೆಂಗಸರು ಎಲ್ಲಿ ಉಸಿರು ಹಿಡಿದು ಅಜ್ಜಿಯ ಬಾಯಿ ನೋಡುತ್ತಿದ್ದರು, ಎಲ್ಲಿ ತಮಗೇ ಗೊತ್ತಿಲ್ಲದೆ ಮೊದಲೇ ಎತ್ತಿಕೊಳ್ಳುತ್ತಿದ್ದರು ಎಂಬುದಕ್ಕೆ ಕ್ಯಾಮೆರಾ ಬೇಕಿತ್ತು.

ಈಗ ಕ್ಯಾಮೆರಾಕ್ಕೆ ಬರವಿಲ್ಲ, ಅದು ತಿರುಗುವ ದಿಕ್ಕೇ ಬೇರೆ. ನಮ್ಮ ಕಡೆಯ ಯಾವುದೇ ಮದುವೆಯ ವಿಡಿಯೊ ಹಾಕಿ ನೋಡಿ. ಮಂಟಪದ ಮೇಲೆ ಡ್ರೋನ್ ಹಾರಿದೆ, ಊಟದ ಪಂಕ್ತಿಯಲ್ಲಿ ಒಬ್ಬಟ್ಟು ಮುರಿಯುವ ಕೈಗಳೂ ಹತ್ತಿರದಿಂದ ದಾಖಲಾಗಿವೆ. ಮೂಲೆಯಲ್ಲಿ ಬೆಳಗಿನಿಂದ ಊದುತ್ತ ಕೂತ ಓಲಗದವರ ಮೇಲೆ ಕ್ಯಾಮೆರಾ ಹಾಗೆ ಬಂದು ಹೀಗೆ ಹೋಗುತ್ತದೆ. ಅವರ ದನಿಯನ್ನಂತೂ ಎಡಿಟಿಂಗ್‌ನವರು ಪೂರ್ತಿ ತೆಗೆದು, ಅದರ ಜಾಗಕ್ಕೆ ಆ ವರ್ಷದ ಸಿನಿಮಾ ಹಾಡು ಅಂಟಿಸಿರುತ್ತಾರೆ.